ಭೂಗೋಳದ ನಿಧಿಶೋಧ ಆಟಕ್ಕೆ ಸುಳಿವುಗಳು ಹೇಗಿರಬೇಕು?

ಪ್ರಶ್ನೆ: ಏಳನೆಯ ತರಗತಿಯ ಮಕ್ಕಳಿಗೆ ಪ್ರಪಂಚದ ಭೂಗೋಳವನ್ನು ನಿಧಿಶೋಧದ ಆಟದ ಮೂಲಕ ಕಲಿಸಬೇಕೆಂದಿದ್ದೇನೆ. ರಾಜಧಾನಿಗಳ ಹೆಸರನ್ನಷ್ಟೇ ಕೇಳುವ ಚೀಟಿಗಳು ಕಂಠಪಾಠದ ಪರೀಕ್ಷೆಯಾಗಿಬಿಡುತ್ತವೆ. ಅಟ್ಲಾಸ್ ತೆರೆದು ಯೋಚಿಸುವಂತೆ ಮಾಡುವ ಸುಳಿವುಗಳನ್ನು ಹೇಗೆ ರಚಿಸಬೇಕು?

ಉತ್ತರ 1: ಒಂದೇ ಸುಳಿವಿನಲ್ಲಿ ಎರಡು ಸಂಗತಿಗಳನ್ನು ಸೇರಿಸಿ. "ಸಮಭಾಜಕ ವೃತ್ತಕ್ಕೆ ಹತ್ತಿರವಿದ್ದರೂ ವರ್ಷವಿಡೀ ತಂಪಾಗಿರುವ ರಾಜಧಾನಿ ಯಾವುದು?" ಎಂದು ಕೇಳಿದರೆ, ಅಕ್ಷಾಂಶವನ್ನಷ್ಟೇ ನೋಡಿ ಸಿಂಗಪುರದ ಚೀಟಿಯತ್ತ ಓಡಿದ ಗುಂಪು, ಎತ್ತರವನ್ನು ಸೂಚಿಸುವ ಬಣ್ಣಗಳನ್ನು ಗಮನಿಸಿ, ಸುಮಾರು 2,850 ಮೀಟರ್ ಎತ್ತರದಲ್ಲಿರುವ ಈಕ್ವೆಡಾರಿನ ಕೀಟೋ ನಗರಕ್ಕೆ ಬರಬೇಕಾಗುತ್ತದೆ.

ಉತ್ತರ 2: ಸುಳಿವು ಸೊಗಸಾಗಿದೆ, ಆದರೆ ಕೊಲಂಬಿಯಾದ ಬೊಗೊಟಾ ಕೂಡ ಅದಕ್ಕೆ ಹೊಂದುತ್ತದೆ. "ದಕ್ಷಿಣ ಅಮೆರಿಕದಲ್ಲಿದ್ದೂ ಬ್ರೆಜಿಲ್‌ನೊಂದಿಗೆ ಗಡಿಯಿಲ್ಲದ ದೇಶ" ಎಂಬ ಮಾತನ್ನು ಸೇರಿಸಿದರೆ ಗೊಂದಲ ಉಳಿಯದು. ಚೀಟಿಯನ್ನು ಅಂಟಿಸುವ ಮುನ್ನ ಇನ್ನೊಬ್ಬ ಶಿಕ್ಷಕರಿಂದ ಬಿಡಿಸಿ ನೋಡುವುದು ಒಳ್ಳೆಯದು.

ಉತ್ತರ 3: ಒಂದು ನಿಲ್ದಾಣದಲ್ಲಿ ಗ್ಲೋಬ್ ಮತ್ತು ದಾರವನ್ನು ತಪ್ಪದೆ ಇಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ದಾರವನ್ನು ಬಿಗಿಯಾಗಿ ಎಳೆದಾಗ ಅದು ಸೈಬೀರಿಯಾದ ಮೇಲೆ ಹಾದು ಆರ್ಕ್ಟಿಕ್ ವೃತ್ತವನ್ನೂ ದಾಟುತ್ತದೆ. ಗೋಡೆಯ ಚಪ್ಪಟೆ ನಕ್ಷೆಯಲ್ಲಿ ಈ ದಾರಿ ಕಾಣುವುದೇ ಇಲ್ಲ. ಮುಂದಿನ ಚೀಟಿಯನ್ನು ಆ ದಾರದ ಕೆಳಗೆ ಬರುವ ದೇಶದ ಹೆಸರಿನಲ್ಲಿ ಅಡಗಿಸಬಹುದು.