ಅಪ್‌ಡೇಟ್: ಉಣ್ಣೆ ಸೆಟ್ ಬೀರುವಿನಲ್ಲೇ ಇದೆ

ಚೊಚ್ಚಲ ಮಗುವಿಗೆ ಮೊದಲೇ ಏನೇನು ಕೊಂಡಿಡಬೇಕು ಅಂತ ಮಾರ್ಚ್‌ನಲ್ಲಿ ಕೇಳಿದ್ದೆ. ಮಗಳು ಹುಟ್ಟಿ ಇವತ್ತಿಗೆ 40 ದಿನ. ರಾಯಚೂರಿನ ತವರಲ್ಲಿದ್ದೇನೆ. ಮೇ ತಿಂಗಳು, ಹೊರಗೆ 42 ಡಿಗ್ರಿ! ಆನ್‌ಲೈನಲ್ಲಿ ತರಿಸಿದ ಉಣ್ಣೆ ಸೆಟ್ ಬೀರು ಸೇರಿತು. ಆಗ ಬುದ್ಧಿ ಎಲ್ಲಿತ್ತೋ.

ನಿಜಕ್ಕೂ ಕೆಲಸಕ್ಕೆ ಬಂದಿದ್ದು ಅಪ್ಪನ ಹಳೆ ಪಂಚೆ. ಅವ್ವ ಹರಿದು 30 ಲಂಗೋಟಿ ಮಾಡಿದ್ದಳು. ದಿನಕ್ಕೆ ಹದಿನೈದಾದರೂ ಬೇಕು. ಮಾಳಿಗೆ ಮೇಲೆ ಹಾಕಿ ಇಳಿದು ಬರುವಷ್ಟರಲ್ಲಿ ಒಣಗಿರುತ್ತವೆ. ಹಾಸೋಕೆ ಕಾಟನ್ ಸೀರೆಯ ಕೌದಿ. ಸೊಳ್ಳೆ ಪರದೆ ಮಾತ್ರ ಕೊಂಡೆವು, ಅದು ಬೇಕೇ ಬೇಕು.

ಬಾಟಲಿ ಸುಮ್ನೆ ದಂಡ. 6 ತಿಂಗಳು ಎದೆಹಾಲೇ ಸಾಕು, ಈ ಬಿಸಿಲಲ್ಲೂ ಬೇರೆ ನೀರು ಬೇಡ ಅಂದರು ಡಾಕ್ಟರ್. ತೊಟ್ಟಿಲು ಇನ್ನೂ ತಂದಿಲ್ಲ, ಸೀರೆ ಜೋಲಿಯಲ್ಲೇ ಗೊರಕೆ ಹೊಡೀತಾಳೆ.