ಆ ವಿಡಿಯೋ ಅಳಿಸಿ ದೊಡ್ಡಪ್ಪ

(ಪೆರ್ಲದ ನಮ್ಮ ಮನೆಯವರ ಗುಂಪು, ರಾತ್ರಿ 9.30. ಚಿಕ್ಕಪ್ಪ ಅಡಿಕೆ ಮರದಿಂದ ಬಿದ್ದು ಎರಡನೇ ದಿನ. ಮಂಗಳೂರಿನಲ್ಲಿ ನಾಳೆ ಆಪರೇಷನ್.)

ದೊಡ್ಡಪ್ಪ: [ವಿಡಿಯೋ] ಎಲ್ಲರೂ ನೋಡಿ. ಕುತ್ತಿಗೆಗೆ ಸ್ಕ್ರೂ ಹಾಕಿದರೆ ಮತ್ತೆ ಏಳುವುದೇ ಇಲ್ಲವಂತೆ. ವಿಡಿಯೋದಲ್ಲಿರುವ ನಾಟಿ ವೈದ್ಯರು ಎಣ್ಣೆ ಹಚ್ಚಿ, ಎಳೆದು ಕೂರಿಸುತ್ತಾರೆ. ನಾಳೆಯದ್ದು ನಿಲ್ಲಿಸಿ ಒಮ್ಮೆ ಅಲ್ಲಿ ತೋರಿಸುವ.

ಸುಮಕ್ಕ: ದೊಡ್ಡಪ್ಪ, ದಯವಿಟ್ಟು ಅದನ್ನು ಅಳಿಸಿ. ಚಿಕ್ಕಮ್ಮ ಐಸಿಯು ಹೊರಗೆ ಒಬ್ಬರೇ ಕೂತಿದ್ದಾರೆ.

ದೊಡ್ಡಪ್ಪ: ತಮ್ಮನ ವಿಷಯ ನಾನು ಮಾತಾಡಬಾರದಾ ಸುಮಾ? ನನ್ನ ಕೈ ಮುರಿದಾಗ ನಾಟಿ ವೈದ್ಯರೇ ಕಟ್ಟಿ ಸರಿ ಮಾಡಿದ್ದು.

ಸುಮಕ್ಕ: ಕೈ ಬೇರೆ, ಕುತ್ತಿಗೆ ಬೇರೆ. ಕುತ್ತಿಗೆಯಲ್ಲಿ 7 ಎಲುಬು. ಚಿಕ್ಕಪ್ಪನ 5ನೆಯದು 6ನೆಯದರ ಮೇಲೆ ಮುಂದಕ್ಕೆ ಜಾರಿತ್ತು. ಹಿಂದೆಯೇ ಬೆನ್ನುಹುರಿ, ಕಿರುಬೆರಳಿನಷ್ಟು ದಪ್ಪ. ಯಾರೋ ಎಳೆದು ತಿರುಗಿಸಿದರೆ ಈಗ ಆಡುತ್ತಿರುವ ಕೈಯೂ ಹೋಗಬಹುದು.

ಗಣೇಶ: ಆಸ್ಪತ್ರೆಯಲ್ಲೂ ತಲೆಗೆ ಭಾರ ಕಟ್ಟಿ ಎಳೆದರಲ್ಲ ಅಕ್ಕ?

ಸುಮಕ್ಕ: ಎಳೆದರು, ನಿಜ. ಸ್ವಲ್ಪ ಸ್ವಲ್ಪವೇ ಭಾರ ಏರಿಸಿ, ಪ್ರತಿ ಸಲ ಎಕ್ಸ್‌ರೇ ತೆಗೆದು, ಕೈಕಾಲು ಆಡಿಸಿ ನೋಡಿ. ಎಲುಬು ಜಾಗಕ್ಕೆ ಬಂದಿದೆ. ಆದರೆ ಅದನ್ನು ಹಿಡಿದಿದ್ದ ಒಳಗಿನ ನಾರಿನಂಥ ಕಟ್ಟುಗಳೇ (ಲಿಗಮೆಂಟ್) ಹರಿದಿವೆ. ಬಿಟ್ಟರೆ ಮತ್ತೆ ಜಾರುತ್ತದೆ.

ದೊಡ್ಡಪ್ಪ: ಕುತ್ತಿಗೆಗೆ ಬೆಲ್ಟ್ ಹಾಕಿದರೆ ಸಾಲದಾ? ತಲೆ ತಿರುಗಿಸಲೂ ಆಗದ ಹಾಗೆ ಯಾಕೆ ಮಾಡಬೇಕು?

ಸುಮಕ್ಕ: ಕೆಲವು ಮುರಿತಕ್ಕೆ ಬೆಲ್ಟೇ ಸಾಕು. ಇದಕ್ಕೆ ಸಾಲದು. ಹಿಂದಿನಿಂದ, ಎಲುಬಿನ ಪಕ್ಕದ ಗಟ್ಟಿ ಭಾಗಕ್ಕೆ ಸುಮಾರು 3.5 ಮಿಲಿಮೀಟರ್ ದಪ್ಪದ ಟೈಟಾನಿಯಂ ಸ್ಕ್ರೂ ಹಾಕಿ ಎರಡು ಸರಳಿಗೆ ಬಿಗಿಯುತ್ತಾರೆ. ಹೊಸ ಪ್ರಯೋಗ ಅಲ್ಲ. ಫ್ರಾನ್ಸಿನ ರಾಯ್-ಕಮಿಲ್ ಎಂಬ ಡಾಕ್ಟರು 1970ರ ದಶಕದಲ್ಲೇ ಶುರು ಮಾಡಿದ್ದು. ತಲೆ ತಿರುಗುವುದರಲ್ಲಿ ಅರ್ಧದಷ್ಟು ಮೇಲಿನ 2 ಎಲುಬುಗಳ ನಡುವೆಯೇ ಆಗುತ್ತದೆ. ಅದನ್ನು ಮುಟ್ಟುವುದಿಲ್ಲ.

ದೊಡ್ಡಪ್ಪ: ಅಪಾಯವೇ ಇಲ್ಲ ಅಂತೀಯಾ?

ಸುಮಕ್ಕ: ಇದೆ. ಮಿದುಳಿಗೆ ಹೋಗುವ ರಕ್ತನಾಳ ಆ ಎಲುಬುಗಳ ಪಕ್ಕದ ತೂತಿನಲ್ಲೇ ಹಾದು ಹೋಗುತ್ತದೆ. ಸ್ಕ್ರೂ ದಿಕ್ಕು ತಪ್ಪಿದರೆ ಅದಕ್ಕೋ ನರಕ್ಕೋ ತಾಗಬಹುದು. ಅದಕ್ಕೇ ಮೊದಲು ಸಿಟಿ ಸ್ಕ್ಯಾನಿನಲ್ಲಿ ಅಳತೆ ನೋಡಿಕೊಳ್ಳುತ್ತಾರೆ. ಆಪರೇಷನ್ ಥಿಯೇಟರಿನಲ್ಲಿ ಇದನ್ನು ನಾನು ಎಷ್ಟೋ ಸಲ ಹತ್ತಿರದಿಂದ ನೋಡಿದ್ದೇನೆ. ಇನ್ನೊಂದು ಮಾತು, ಸ್ಕ್ರೂ ಬೆನ್ನುಹುರಿಯನ್ನು ವಾಸಿ ಮಾಡುವುದಿಲ್ಲ. ಎಲುಬು ಕೂಡಿಕೊಳ್ಳುವವರೆಗೆ, ಕೆಲವು ತಿಂಗಳು, ಅಲ್ಲಾಡದ ಹಾಗೆ ಹಿಡಿದಿಡುತ್ತದೆ. ಕಾಲಿಗೆ ಎಷ್ಟು ಬಲ ಬರುತ್ತದೆ ಅಂತ ಇವತ್ತು ಯಾರೂ ಹೇಳಲಾರರು.

ನಾನು: ದೊಡ್ಡಪ್ಪ, ಅಡಿಕೆಗೆ ಮದ್ದು ಬಿಡಲು ಮರ ಹತ್ತಿದ ಚಿಕ್ಕಪ್ಪ ಬಿದ್ದಾಗ ಮೊದಲು ಓಡಿದ್ದು ನಾನು. ಎತ್ತಿ ಕೂರಿಸು, ನೀರು ಕುಡಿಸು ಅಂತ ಎಲ್ಲರೂ ಕೂಗಿದರು. ಸುಮಕ್ಕ ಫೋನಿನಲ್ಲಿ ಬೇಡವೇ ಬೇಡ ಅಂದರು. ತಲೆ, ಮೈ ಒಟ್ಟಿಗೇ ಹೊರಳಿಸಿ ಹಲಗೆಗೆ ಹಾಕಿದೆವು. ತಲೆಯ ಎರಡೂ ಬದಿಗೆ ಬೈರಾಸು (ಟವೆಲ್) ಸುತ್ತಿಟ್ಟೆವು. ಜೀಪಿನಲ್ಲಿ ದಾರಿಯುದ್ದಕ್ಕೂ ನಾನು ಅವರ ತಲೆ ಬಿಡಲಿಲ್ಲ. ತಲಪಾಡಿ ಹತ್ತಿರ, ಚಿಕ್ಕಪ್ಪ ಕೈ ಮೇಲೆತ್ತಿ ನನ್ನ ಬೆರಳು ಹಿಡಿದರು. ಅಷ್ಟು ಜಾಗ್ರತೆಯಿಂದ ತಂದವರನ್ನು ಈಗ ಎಳೆಯಲು ಹೇಗೆ ಕೊಡಲಿ?

ಚಿಕ್ಕಮ್ಮ: ಭಾವ, ಎಲ್ಲಾ ಓದಿದೆ. ಸಂಜೆಯೇ ಸಹಿ ಹಾಕಿದ್ದೇನೆ. ನಾಳೆ ನೀವು ಬಂದು ಇಲ್ಲಿ ಕೂತರೆ ನನಗೆ ಧೈರ್ಯ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: ಮೊದಲ ಬಸ್ಸಿಗೆ ಬರುತ್ತೇನೆ. ಗಣೇಶ, ದನಗಳಿಗೆ ಹುಲ್ಲು ನೀನು ಹಾಕು.