ಸಹಾಯ ಬೇಕು: ಆಲ್ಜಿಬ್ರಾದಲ್ಲಿ ಪಿಎಚ್‌ಡಿ ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಗಳು ಕೊಣಾಜೆಯಲ್ಲಿ (ಮಂಗಳೂರು ವಿಶ್ವವಿದ್ಯಾಲಯ) ಗಣಿತ ಎಂಎಸ್ಸಿ, ಎರಡನೇ ವರ್ಷ. ಗ್ರೂಪ್, ರಿಂಗ್, ಫೀಲ್ಡ್ ಅಂತ ಆಲ್ಜಿಬ್ರಾದ ವಿಷಯಗಳು ಅಂದರೆ ಅವಳಿಗೆ ಊಟ ನಿದ್ದೆ ಬೇಡ. ಐದನೇ ಘಾತದ ಸಮೀಕರಣಕ್ಕೆ ಸಾಮಾನ್ಯ ಸೂತ್ರ ಯಾಕಿಲ್ಲ ಅಂತ ಮೊನ್ನೆ ರಾತ್ರಿ ನನ್ನನ್ನು ಕೂರಿಸಿ ವಿವರಿಸಿದಳು. ಇದರ ಹಿಂದಿನ ಸಿದ್ಧಾಂತ ಕಟ್ಟಿದ ಫ್ರೆಂಚ್ ಗಣಿತಜ್ಞ ಗಾಲ್ವಾ 1832ರಲ್ಲಿ, 20ನೇ ವಯಸ್ಸಿಗೇ ತೀರಿಕೊಂಡದ್ದು ಹೇಳುವಾಗ ಕಣ್ಣು ತುಂಬಿತ್ತು.

ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಬೇಕೆಂಬ ಆಸೆ. ನೆಂಟರು ಬಿಎಡ್ ಮಾಡಿಸಿ ಅಂತಾರೆ, ನನಗೆ ಮನಸ್ಸಿಲ್ಲ. ಜೆಆರ್‌ಎಫ್ (ಪಿಎಚ್‌ಡಿ ಮಾಡುವವರಿಗೆ ಸರ್ಕಾರ ಕೊಡುವ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಉಂಟು, ಖರ್ಚಿನ ಚಿಂತೆ ಅಷ್ಟಿಲ್ಲ. ಆದರೆ ಆಲ್ಜಿಬ್ರಾಕ್ಕೆ ಒಳ್ಳೆಯ ಗೈಡ್ ಹುಡುಕುವುದು ಹೇಗೆ? ಊರು ಬಿಡಲೇಬೇಕಾ?

ಈ ದಾರಿಯಲ್ಲಿ ನಡೆದವರು ಅವಳೊಟ್ಟಿಗೆ ಅರ್ಧ ಗಂಟೆ ಮಾತಾಡಿದರೆ ದೊಡ್ಡ ಉಪಕಾರ. ಭಾನುವಾರ ಸುರತ್ಕಲ್, ಉಡುಪಿ, ಮಣಿಪಾಲ ಎಲ್ಲಿಗಾದರೂ ಕರೆದುಕೊಂಡು ಬರುತ್ತೇನೆ.